ಬೀರುವಿನೊಳಗಿನ ನೆಟ್‌ವರ್ಕ್

ತಿಪಟೂರಿನಲ್ಲಿ ನಮಗೆ ನೆಟ್‌ವರ್ಕಿಂಗ್ ಕಲಿಸಿದ ಮೇಷ್ಟ್ರನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚನ್ನು ಅವರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಕೇಳಿದರೆ, "ಮುಟ್ಬೇಡ್ರಪ್ಪ, ಕೆಟ್ಟೋಯ್ತದೆ" ಎಂದು ಜೇಬಿನಲ್ಲಿದ್ದ ಬೀಗದ ಕೈ ತಟ್ಟಿ ನೋಡಿಕೊಳ್ಳುತ್ತಿದ್ದರು. ನಾವು ಬೋರ್ಡಿನ ಮೇಲಿನ ಚಿತ್ರ ಬರೆದುಕೊಂಡೇ ಪಾಠ ಮುಗಿಸಿದೆವು. ಆಯುಧಪೂಜೆಗೆ ಮಾತ್ರ ಸ್ವಿಚ್ ಹೊರಬರುತ್ತಿತ್ತು. ಕುಂಕುಮ ಬಳಿದು, ಕಾಯಿ ಒಡೆದು, ಮತ್ತೆ ಒಳಗಿಡುತ್ತಿದ್ದರು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬೇರೆ ದಾರಿಯಿಲ್ಲದೆ ಮೇಷ್ಟ್ರು ಬೀಗ ತೆಗೆದು ಸ್ವಿಚ್ಚನ್ನು ಮೇಜಿನ ಮೇಲಿಟ್ಟರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಕೈಗೆ ಕೇಬಲ್ ಕೊಟ್ಟು, "ಸ್ವಿಚ್ಚಿಗೆ ಹಾಕಮ್ಮ" ಎಂದರು. ಎಷ್ಟು ಒತ್ತಿದರೂ ಅದು ಕೂರಲಿಲ್ಲ.

"ತೋಟದ ಕಡೆ ಮಕ್ಳು ಸಾ, ಎಷ್ಟ್ ಹೇಳ್ಕೊಟ್ರೂ ಅಷ್ಟೇ ಬುಡಿ" ಎಂದು ಮೇಷ್ಟ್ರು ನಕ್ಕರು.

ನಾನು ಕೇಬಲ್ಲನ್ನು ಹೊರಗೆಳೆದು ಅದರ ತುದಿಯನ್ನು ಪರೀಕ್ಷಕರ ಕಣ್ಣೆದುರು ಹಿಡಿದೆ. ಸ್ವಿಚ್ಚಿನ ತೂತಿನಲ್ಲಿ ತುಂಬಿಕೊಂಡಿದ್ದ ಪೂಜೆಯ ಕುಂಕುಮ ಅದಕ್ಕೆ ಮೆತ್ತಿಕೊಂಡಿತ್ತು.