ಕಾಲುವೆಯ ಕಪ್ಪೆಚಿಪ್ಪು, ಗುರೆಳ್ಳ ಹಿಂಡಿ

ಸೂರ್ಯ ಇನ್ನೂ ಮೂಡಿಲ್ಲ. ನೀರು ನಿಲ್ಲಿಸಿದ ಕಾಲುವೆಯ ತಳದಲ್ಲಿ ಉಳಿದ ಮಡುವಿಗೆ ಸೀರೆ ಎತ್ತಿಕಟ್ಟಿ ಇಳಿದಿದ್ದಾರೆ ಶೆಫಾಲಿ ಬೈರಾಗಿ. ಕಣ್ಣಿಗೇನೂ ಕೆಲಸವಿಲ್ಲ, ಅಂಗಾಲೇ ಹುಡುಕುತ್ತದೆ. ರಾಡಿಯಲ್ಲಿ ಗಟ್ಟಿಯಾಗಿ ಏನಾದರೂ ತಾಗಿದರೆ ಬಗ್ಗಿ, ಕಪ್ಪೆಚಿಪ್ಪನ್ನು ಎತ್ತಿ ಬುಟ್ಟಿಗೆ ಹಾಕುತ್ತಾರೆ. ಬಾಯಿ ತೆರೆದದ್ದನ್ನು ದೂರ ಎಸೆಯುತ್ತಾರೆ.

"ಸತ್ತದ್ದು ಬಾಯಿ ಬಿಡತೈತ್ರಿ. ಬದುಕಿದ್ದು ಬಾಯಿ ಮುಚ್ಚಿಕೊಂಡಿರತೈತಿ, ಸೊಸಿ ಇದ್ದಂಗ," ಎಂದು ನಗುತ್ತಾರೆ.

ಬಂಗಾಳಿ ನಿರಾಶ್ರಿತರು ನೆಲೆಸಿದ ಸಿಂಧನೂರಿನ ಆರ್.ಎಚ್. ಕ್ಯಾಂಪಿನಲ್ಲಿ ಈಕೆ ಭತ್ತದ ನಾಟಿಯ ಆಳು. ಅರವತ್ತು ದಾಟಿದರೂ ಹತ್ತಿ ಬಿಡಿಸಲು ಮಸ್ಕಿ, ಲಿಂಗಸುಗೂರು ಕಡೆಗೆ ಟಂಟಂ ಆಟೊ ಹತ್ತುತ್ತಾರೆ. ಆದರೆ ಓಣಿಯಲ್ಲಿ ಯಾರಿಗಾದರೂ ಜ್ವರ ಬಿಟ್ಟು ಬಾಯಿ ಕೆಟ್ಟಿದ್ದರೆ ಎಲ್ಲರಿಗೂ ನೆನಪಾಗುವುದು ಇವರ ಒಲೆ. ಇವತ್ತು ಆ ಸರದಿ ಸ್ವಂತ ಅತ್ತೆಯದು. ಗಡಿಯಾಚೆಯ ನದಿದಂಡೆ ಬಿಟ್ಟು ಬಂದ ನಿಭಾರಾಣಿಗೆ ಈಗ ತೊಂಬತ್ತರ ಹತ್ತಿರ. ಜ್ವರ ಇಳಿದಿದೆ, ಅನ್ನ ಇಳಿಯುತ್ತಿಲ್ಲ. ಕಾಲುವೆಗೆ ನೀರು ಬಿಟ್ಟರೆ ಚಿಪ್ಪು ಇನ್ನು ಮುಂದಿನ ಬೇಸಿಗೆಗೇ. ಅಲ್ಲಿಯವರೆಗೆ ಮುದುಕಿ ಇರುತ್ತಾಳೋ ಇಲ್ಲವೋ ಎಂಬ ಹೆದರಿಕೆ ಶೆಫಾಲಿಗೆ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಈ ಮನೆಯಲ್ಲಿ ಅತ್ತೆಯ ಕಾಲವೇ ಇನ್ನೂ ಮುಗಿದಿಲ್ಲ. ಹೊಸ ಸೊಸೆಯಾಗಿ ಬಂದ ವರ್ಷ ಶೆಫಾಲಿ ಮೊದಲ ಸಲ ಚಿಪ್ಪು ಸುಟ್ಟಾಗ ಮನೆಯಲ್ಲಿದ್ದದ್ದು ಒಗ್ಗರಣೆಗಾಗುವಷ್ಟೇ ಸಾಸಿವೆ, ಅತ್ತೆಯ ಊರಿನ ಪದ್ಧತಿಯಂತೆ ಅರೆದು ಚಿಪ್ಪಿನ ಮಾಂಸದ ಮೇಲೆ ಬಳಿಯಲು ಸಾಲದು. ಅತ್ತೆಯನ್ನು ಕೇಳಲು ಭಯ. ನಾಟಿಯ ಗೆಳತಿ, ಮಸ್ಕಿಯ ಪಾರ್ವತೆಮ್ಮ ರೊಟ್ಟಿಗೆಂದು ಕೊಟ್ಟಿದ್ದ ಗುರೆಳ್ಳ ಹಿಂಡಿ, ಅಂದರೆ ಹುಚ್ಚೆಳ್ಳಿನ ಚಟ್ನಿಪುಡಿ, ಸೆರಗಿನ ಗಂಟಿನಲ್ಲಿತ್ತು. ಅದನ್ನೇ ಉಳ್ಳಾಗಡ್ಡಿ, ಎಣ್ಣೆಯೊಂದಿಗೆ ಕಲಸಿ ಬಳಿದುಬಿಟ್ಟರು.

"ಕರ್ರಗ ನೋಡಿ ಅತ್ತಿ ಮಾರಿ ತಿರುವಿದಳ್ರಿ. ಇದು ನಮ್ಮ ನದಿ ರುಚಿ ಅಲ್ಲ ಅಂದಳು. ನಾ ಒಲಿ ಮುಂದ ಕುಂತು ಕಣ್ಣೀರ ಹಾಕಿದೆ."

ಸಾಸಿವೆ ಹೊಂದಿಸಿದರೂ ಆ ರುಚಿಗೆ ಬೇಕಾದ ಸಾಸಿವೆ ಎಣ್ಣೆ ಆಗ ಇಲ್ಲಿ ಎಲ್ಲಿ ಸಿಗಬೇಕು? ಹಿಂಡಿಯೇ ಗತಿಯಾಯಿತು. ಪ್ರತಿ ಬೇಸಿಗೆಯೂ ಅತ್ತೆ ಗೊಣಗುವುದು, ಗೊಣಗುತ್ತಲೇ ತಟ್ಟೆ ಖಾಲಿ ಮಾಡುವುದು. ಪಾರ್ವತೆಮ್ಮ ತೀರಿಹೋಗಿ ವರ್ಷಗಳಾದವು. ಹಿಂಡಿ ಕುಟ್ಟುವಾಗ ಶೆಫಾಲಿಗೆ ಆಕೆಯ ಬಳೆಯ ಸದ್ದು ಈಗಲೂ ಕೇಳಿದಂತಾಗುತ್ತದೆ.

ಈಗ ಕ್ಯಾಂಪಿನ ಅಂಗಡಿಯಲ್ಲೇ ಸಾಸಿವೆ ಎಣ್ಣೆಯ ಬಾಟಲಿ ಸಿಗುತ್ತದೆ. ಇದೊಂದು ಸಲವಾದರೂ ಅತ್ತೆಗೆ ಅವಳ ನದಿಯ ರುಚಿ ತೋರಿಸಬೇಕೆಂಬುದು ಶೆಫಾಲಿಯ ಆಸೆ. ಅಕ್ಕಿ ತೊಳೆದ ನೀರಿನಲ್ಲಿ ದಿನವಿಡೀ ಬಿದ್ದು ಮಣ್ಣು ಉಗುಳಿದ ಚಿಪ್ಪುಗಳನ್ನು ಸಂಜೆ ಕುದಿನೀರಿಗೆ ಹಾಕಿ ಬಾಯಿ ಬಿಡಿಸುತ್ತಾರೆ. ಒಂದು ಹೋಳಿನಲ್ಲಿ ಮಾಂಸ ಉಳಿಸಿ, ಮೇಲೆ ಅರೆದ ಸಾಸಿವೆ, ಹಸಿಮೆಣಸಿನಕಾಯಿಗೆ ಆ ಎಣ್ಣೆ ಬೆರೆಸಿ ಬಳಿಯುತ್ತಾರೆ. ಕೆಂಡದ ಮೇಲೆ ಜೋಡಿಸಿ, ಮೇಲೊಂದು ತಗಡು ಮುಚ್ಚಿ ಅದರ ಮೇಲೂ ಕೆಂಡ ಹರಡುತ್ತಾರೆ. ಅಡಿಯೂ ಮೇಲೂ ಒಟ್ಟಿಗೆ ಬೇಯಬೇಕು. ಘಾಟು ಅಂಗಳಕ್ಕೆ ಹಬ್ಬಿದಾಗ ಶೆಫಾಲಿಯ ಕಣ್ಣು ತುಂಬುತ್ತದೆ, ಅದು ಬರೀ ಹೊಗೆಯಿಂದಲ್ಲ.

ನಿಭಾರಾಣಿ ಒಂದನ್ನು ಬಾಯಿಗಿಟ್ಟು ನಿಧಾನ ಅಗಿಯುತ್ತಾರೆ. ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ಶೆಫಾಲಿಯ ಮುಖ ಸಣ್ಣದಾಗುತ್ತದೆ. ಇಷ್ಟು ವರ್ಷ ಇಲ್ಲಿದ್ದರೂ ಮನೆಯೊಳಗೆ ಬಂಗಾಳಿ ಬಿಟ್ಟು ಬೇರೆ ಮಾತಾಡದ ಮುದುಕಿ, ಕನ್ನಡದಲ್ಲಿ ಕೇಳುತ್ತಾರೆ:

"ಹಿಂಡಿ ಎಲ್ಲೈತಿ?"

ಶೆಫಾಲಿ ಗಡಬಡಿಸಿ ಡಬ್ಬಿ ಇಳಿಸುತ್ತಾರೆ, ಹಿಂಡಿ ಕಲಸುತ್ತಾರೆ. ತಗಡಿನ ಕೆಳಗೆ ಗುರೆಳ್ಳು ಘಮ್ಮೆನ್ನುತ್ತದೆ. ಈ ಸಲ ಮುದುಕಿ ತಿನ್ನುತ್ತಾರೆ. ಅನ್ನವನ್ನೂ ಕೇಳಿ ಹಾಕಿಸಿಕೊಳ್ಳುತ್ತಾರೆ.

ಖಾಲಿ ಚಿಪ್ಪುಗಳನ್ನು ಗುಡಿಸುತ್ತ ಶೆಫಾಲಿ ಹೇಳುತ್ತಾರೆ: "ಚಲೋ ಆಗೇತಿ ಅಂತ ಒಂದಿನಾನೂ ಅಂದಿಲ್ರಿ ಆಕಿ. ಇವತ್ತೂ ಅನ್ನಲಿಲ್ಲ. ಆದ್ರ ಕೇಳಿ ತಿಂದಳು ನೋಡ್ರಿ."