ಓದದೆ ಹೊಲಿದ ಹಾಳೆಗಳು

ನಮ್ಮ ಶಾಲೆಯ ಹಾಜರಿ ಪುಸ್ತಕಗಳಿಗೆ ಮೂವತ್ತು ವರ್ಷ ರಟ್ಟು ಕಟ್ಟಿದವರನ್ನು ಮಕ್ಕಳು ‘ಅಂಟಪ್ಪ’ ಎಂದು ಕರೆಯುತ್ತಿದ್ದರು. ಅವರ ಉಗುರುಗಳ ಅಂಚಿನಲ್ಲಿ ಸದಾ ಒಣಗಿದ ಮೈದಾ ಅಂಟು ಇರುತ್ತಿತ್ತು, ಅದರಿಂದ ಬಂದ ಹೆಸರು. ಅವರಿಗೂ ಗೊತ್ತಿತ್ತು, ಬೇಸರವಿರಲಿಲ್ಲ. ದಾರಿಯಲ್ಲಿ ಯಾರಾದರೂ ಹುಡುಗರು ಮರೆಯಲ್ಲಿ ನಿಂತು ಹಾಗೆ ಕೂಗಿದರೆ, “ಏನಯ್ಯಾ, ಪುಸ್ತಕ ಹರಿದುಕೊಂಡ್ಯಾ?” ಎಂದು ಕೇಳಿ ಮುಂದೆ ನಡೆಯುತ್ತಿದ್ದರು.

ಅವರ ಅಂಗಡಿ ಔಷಧಿ ಅಂಗಡಿಯ ಪಕ್ಕದಲ್ಲಿತ್ತು. ಮೂರು ಮೆಟ್ಟಿಲು ಹತ್ತಿ, ಮೈಯನ್ನು ಸ್ವಲ್ಪ ಓರೆ ಮಾಡಿ ಒಳಗೆ ಹೋಗಬೇಕು. ಬಾಗಿಲ ಎದುರಿಗೇ ಕಬ್ಬಿಣದ ದೊಡ್ಡ ಚಕ್ರವಿದ್ದ ಕಾಗದ ಕತ್ತರಿಸುವ ಯಂತ್ರ, ಅದನ್ನು ನಾಲ್ಕು ಬೋಲ್ಟುಗಳಿಂದ ನೆಲಕ್ಕೆ ಬಿಗಿದಿದ್ದರು. ಆ ಚಕ್ರದ ಹಿಂದೆ ಒಂದು ಮಣೆ, ಅದರ ಮೇಲೆ ಅವರು. ಅಂಟಿಗೆ ಹುಳು ಬೀಳದಿರಲೆಂದು ಮೈಲುತುತ್ತ ಬೆರೆಸುತ್ತಿದ್ದರು. ಆ ವಾಸನೆ ಇಂದಿಗೂ ನನ್ನ ಕಪಾಟಿನ ಪುಸ್ತಕಗಳಲ್ಲಿ ಉಳಿದಿದೆ.

ಅವರಿಗೆ ಓದು ಬರಹ ಚೆನ್ನಾಗಿಯೇ ಬರುತ್ತಿತ್ತು. ಆದರೆ ಹೊಲಿಯಲು ಬಂದ ಕಾಗದವನ್ನು ಅವರು ಓದುತ್ತಿರಲಿಲ್ಲ. ಹೆಬ್ಬೆರಳಿನಿಂದ ಹಾಳೆಗಳ ಮೂಲೆಯನ್ನು ಸರಸರನೆ ಬಿಡುತ್ತ ಪುಟದ ಅಂಕಿಗಳನ್ನಷ್ಟೇ ನೋಡುವರು. ಸರಿಯಿದ್ದರೆ ದಬ್ಬಳ ಚುಚ್ಚಿ ದಾರ ಎಳೆಯುವರು. “ಓದೋಕೆ ಕೂತ್ರೆ ಕೈ ನಿಂತುಬಿಡುತ್ತೆ ಮೇಷ್ಟ್ರೇ. ಅದೂ ಅಲ್ದೆ, ಬೇರೆಯವರ ಮಾತು ನಮಗ್ಯಾಕೆ?” ಎನ್ನುತ್ತಿದ್ದರು. ಒಮ್ಮೆ ಒಬ್ಬ ಹೆಂಗಸು ತೀರಿಹೋದ ಗಂಡ ಬರೆದಿದ್ದ ಕಾಗದಗಳನ್ನೆಲ್ಲ ತಂದು, ಒಂದು ಪುಸ್ತಕ ಮಾಡಿಕೊಡಿ ಎಂದು ಕೇಳಿದಳು. ಇವರು ತಾರೀಖುಗಳನ್ನು ನೋಡಿ ಜೋಡಿಸಿದರೇ ಹೊರತು ಒಂದು ಸಾಲಿನ ಮೇಲೂ ಕಣ್ಣಾಡಿಸಲಿಲ್ಲ. ವಕೀಲರು, ವೈದ್ಯರು, ಕಚೇರಿಯವರು ಎಲ್ಲರೂ ಇವರಲ್ಲಿಗೇ ಬರುತ್ತಿದ್ದುದು ಇದೇ ಕಾರಣಕ್ಕೆ.

ಹೆಂಡತಿ ಹೋದ ಮೇಲೆ ಅವರಿಗೆ ಮನೆಗಿಂತ ಅಂಗಡಿಯೇ ಮನೆಯಾಯಿತು. ಕೈ ನಡೆಯುವಷ್ಟು ದಿನ ಆ ಮಣೆಯ ಮೇಲೆ ಕೂರಬೇಕು ಎಂಬುದೊಂದೇ ಅವರ ಆಸೆ. ಮಕ್ಕಳು ಮೂವರು. ದೊಡ್ಡ ಮಗಳು ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದಳು, ಪಕ್ಕದ ಬೀದಿಯಲ್ಲೇ ಸಂಸಾರ. ಮಗ ವಿಮೆ ಕಚೇರಿಯವನು. ಕಿರಿಯವಳು ಮದುವೆಯಾಗಿ ಎರಡು ಗಂಟೆ ದಾರಿಯ ಊರಿನಲ್ಲಿದ್ದಳು. ಮೂವರೂ ನನ್ನ ಕೈಕೆಳಗೆ ಕಲಿತವರೇ.

ಒಂದು ಸಲ ಅಂಗಡಿಯ ಮೆಟ್ಟಿಲಿನಿಂದ ಜಾರಿ ಅಂಟಪ್ಪನವರ ಬಲ ಮಣಿಕಟ್ಟು ಮುರಿಯಿತು. ಸಹಿ ಹಾಕಲೂ ಆಗದ ಆ ದಿನಗಳಲ್ಲಿ ಹೆಬ್ಬೆಟ್ಟು ಒತ್ತಿ, ದೊಡ್ಡ ಮಗಳ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆಸಿಕೊಟ್ಟರು. ಅವಳು ಬ್ಯಾಂಕಿಗೆ, ವಿದ್ಯುತ್ ಕಚೇರಿಗೆ ಅಲೆದಳು. ಕೈ ಗುಣವಾಯಿತು, ಪತ್ರ ಹಾಗೆಯೇ ಉಳಿಯಿತು. ಎರಡು ವರ್ಷದ ನಂತರ ಉಳಿದಿಬ್ಬರಿಗೆ ಅದರ ಚಿಂತೆ ಹತ್ತಿತು. ಹಿರಿಯರೊಬ್ಬರು ಇರಲೆಂದು ಅಂಟಪ್ಪ ನನ್ನನ್ನೂ ಒಂದು ಭಾನುವಾರ ಮನೆಗೆ ಕರೆಸಿದರು.

“ಅಕ್ಕಾ, ನಿನ್ನ ಮೇಲೆ ಅನುಮಾನ ಅಂತಲ್ಲ,” ಎಂದು ಮಗ ಶುರು ಮಾಡಿದ.

“ಮತ್ತೆ ಏನಂತ?”

“ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಎಲ್ಲಾ ನಿನ್ನೊಬ್ಬಳ ತಲೆ ಮೇಲೇ ಬರುತ್ತಲ್ಲ ಅಂತ.”

“ಅಪ್ಪನ ಮಾತ್ರೆ ಡಬ್ಬಿ ಆರು ವರ್ಷದಿಂದ ಈ ತಲೆ ಮೇಲೇ ಇದೆಯಪ್ಪ. ಅವಾಗೆಲ್ಲ ನಿನಗೆ ಈ ಕನಿಕರ ಬಂದಿದ್ದು ನಾನು ನೋಡಲಿಲ್ಲ.”

ಕಿರಿಯವಳು ಬಾಯಿ ಹಾಕಿದಳು. “ದೂರ ಇದ್ದೀವಿ ಅಂತ ನಾವೇನು ಅಪ್ಪನಿಗೆ ಮಕ್ಕಳಲ್ವಾ ಅಕ್ಕ?”

“ಮಕ್ಕಳೇ ಕಣೇ. ಫೋನಿನಲ್ಲಿ ಅಪ್ಪನ ಕೆಮ್ಮು ಎಷ್ಟು ಚೆನ್ನಾಗಿ ಕೇಳಿಸ್ಕೊಳ್ತೀಯ.”

ಅಂಟಪ್ಪ ಕೈಯೆತ್ತಿದರು. “ಸಾಕು ಬಿಡ್ರಮ್ಮ. ಮೂರೂ ಜನದ ಹೆಸರು ಹಾಕಿ. ಒಂದೇ ದಾರದಲ್ಲಿ ಹೊಲಿದ ಹಾಗಿರುತ್ತೆ.” ದೊಡ್ಡ ಮಗಳು ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಪಾತ್ರೆಗಳು ಬೇಕಾದ್ದಕ್ಕಿಂತ ಜೋರಾಗಿ ಸದ್ದು ಮಾಡಿದವು.

ಮುಂದಿನ ವಾರ ಮಗ ಹೊಸ ಪತ್ರ ಬರೆಸಿಕೊಂಡು ಬಂದ. ಏಳು ಹಾಳೆ. ನೋಂದಣಿ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಅಂಟಪ್ಪ ಅದನ್ನು ತೊಡೆಯ ಮೇಲಿಟ್ಟು, ಅಂಚು ಕುಟ್ಟಿ ಸಮ ಮಾಡಿ, ಹೆಬ್ಬೆರಳಿನಿಂದ ಮೂಲೆಗಳನ್ನು ಸರಸರನೆ ಬಿಟ್ಟರು.

“ಓದಿದಿರಾ?” ಎಂದೆ.

“ಒಂದರಿಂದ ಏಳು. ಎಲ್ಲ ಸರಿಯಾಗಿದೆ ಮೇಷ್ಟ್ರೇ,” ಎಂದು ಸಹಿ ಮಾಡಿದರು. ಸಾಕ್ಷಿಯ ಜಾಗದಲ್ಲಿ ನಾನೂ ಮಾಡಿದೆ. ದೊಡ್ಡ ಮಗಳು ಮಾತ್ರ ಆ ಕಾಗದದ ಕಡೆ ತಿರುಗಿಯೂ ನೋಡದೆ, ತೋರಿಸಿದ ಕಡೆ ಹೆಸರು ಗೀಚಿ, ಕೆಲಸಕ್ಕೆ ಹೊತ್ತಾಯಿತೆಂದು ಹೊರಟುಹೋದಳು.

ಅದಾಗಿ ನಾಲ್ಕು ತಿಂಗಳಿಗೆ ಅಂಟಪ್ಪನವರ ಎಡಗಣ್ಣಿನ ಪೊರೆ ತೆಗೆಸಬೇಕಾಯಿತು. ದೊಡ್ಡ ಮಗಳೇ ಆಸ್ಪತ್ರೆಗೆ ಕರೆದೊಯ್ದಳು, ಎರಡು ವಾರ ತನ್ನ ಮನೆಯಲ್ಲಿಟ್ಟುಕೊಂಡು ಹೊತ್ತುಹೊತ್ತಿಗೆ ಹನಿ ಹಾಕಿದಳು. ಹದಿನಾರನೆಯ ದಿನ ಬೆಳಿಗ್ಗೆ ಅವರು ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಗೆ ಹೊರಟರು. ವಾಯುಸೇವನೆಗೆ ಬಂದಿದ್ದ ನಾನು ಜೊತೆಗೂಡಿದೆ.

ಅಂಗಡಿ ಇರಲಿಲ್ಲ. ನಡುವಿನ ಗೋಡೆ ಒಡೆದು ಔಷಧಿ ಅಂಗಡಿಯನ್ನು ದೊಡ್ಡದು ಮಾಡಿದ್ದರು. ಗಾಜಿನ ಕಪಾಟುಗಳಿಗೆ ಇನ್ನೂ ಹೊಸ ಬಣ್ಣದ ವಾಸನೆ ಇತ್ತು. ಔಷಧಿ ಅಂಗಡಿಯವನು ಓಡಿಬಂದು, “ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ,” ಎಂದು ಅವರಿಗೆ ಅವರದೇ ಜಾಗದಲ್ಲಿ ಒಂದು ಸ್ಟೂಲು ಹಾಕಿದ. ಅಂಟಪ್ಪ ಕೂರಲಿಲ್ಲ. ನೆಲದಲ್ಲಿ ನಾಲ್ಕು ಬೋಲ್ಟಿನ ತೂತುಗಳು ಉಳಿದಿದ್ದವು. ಅವರು ಚಪ್ಪಲಿ ಕಳಚಿ, ಒಂದು ತೂತಿನ ಮೇಲೆ ಕಾಲಿನ ಹೆಬ್ಬೆರಳನ್ನು ಇಟ್ಟು ನಿಂತರು.

ಸಂಜೆ ಮಗ ಮನೆಗೆ ಬಂದ, ನಾನೂ ಅಲ್ಲೇ ಇದ್ದೆ. ಅವನ ದನಿಯಲ್ಲಿ ತಪ್ಪು ಮಾಡಿದವನ ಅಳುಕಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

“ನಿಮ್ಮ ಒಳ್ಳೇದಕ್ಕೇ ಮಾರಿದ್ವಿ ಅಪ್ಪ. ಆ ಮೆಟ್ಟಿಲಲ್ಲಿ ಇನ್ನೊಂದು ಸಲ ಬಿದ್ರೆ ಯಾರು ಗತಿ? ಒಂದು ಪೈಸೆ ನಾವು ಮುಟ್ಟಿಲ್ಲ, ಎಲ್ಲಾ ನಿಮ್ಮ ಖಾತೆಯಲ್ಲೇ ಇದೆ.” ಅದು ನಿಜವೂ ಆಗಿತ್ತು.

“ಯಂತ್ರ ಎಲ್ಲಿ?”

“ಗುಜರಿಯವನು ತಗೊಂಡ. ಸಣ್ಣಪುಟ್ಟ ಸಾಮಾನು ಚೀಲದಲ್ಲಿ ಹಾಕಿಸಿದ್ದೀನಿ.”

“ನನ್ನನ್ನ ಒಂದು ಮಾತು ಕೇಳಬಾರದಿತ್ತೇನಪ್ಪ?”

“ಕೇಳಿದ್ರೆ ಬೇಡ ಅಂತಿದ್ರಿ.”

ಮಾರನೆಯ ದಿನ ಅಂಟಪ್ಪ ಆ ಏಳು ಹಾಳೆಗಳನ್ನು ಹಿಡಿದು ನನ್ನ ಮನೆಗೆ ಬಂದರು. ಕಣ್ಣಿನ್ನೂ ಮಂಜಾಗಿತ್ತು. “ಓದಿ ಹೇಳಿ,” ಎಂದರು. ಮೊದಲಿನಿಂದ ಓದಿದೆ. ನಾಲ್ಕನೆಯ ಪುಟದಲ್ಲಿತ್ತು: ಮೂವರಲ್ಲಿ ಯಾರಾದರೂ ಇಬ್ಬರು ಸೇರಿ, ಮೂರನೆಯವರ ಒಪ್ಪಿಗೆಯಿಲ್ಲದೆಯೂ, ಸ್ಥಿರ ಚರ ಆಸ್ತಿಗಳನ್ನು ಮಾರಬಹುದು. ಅದನ್ನು ಇನ್ನೊಮ್ಮೆ ಓದಿಸಿದರು. ಕೊನೆಯ ಪುಟದಲ್ಲಿ ನನ್ನ ಸಹಿ ಅವರ ಸಹಿಯ ಕೆಳಗೇ ಇತ್ತು. ಅವರು ಹಾಳೆಗಳ ಅಂಚು ಕುಟ್ಟಿ ಸಮ ಮಾಡಿ ಎತ್ತಿಕೊಂಡರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಪತ್ರ ರದ್ದು ಮಾಡಿಸಲು ಹೋದಾಗ ದೊಡ್ಡ ಮಗಳೂ ರಜೆ ಹಾಕಿ ಬಂದಳು. ಕಚೇರಿಯ ಗುಮಾಸ್ತ ಒಳ್ಳೆಯ ಹುಡುಗ. “ಯಾಕಜ್ಜ, ಮಕ್ಕಳು ಜಗಳ ಆಡಿದ್ರಾ?” ಎಂದು ಕೇಳಿದ.

“ಇಲ್ಲಪ್ಪ. ಇಬ್ಬರು ಒಂದಾದ್ರು.”

ಗುಮಾಸ್ತ ನಕ್ಕ. ಅಂಟಪ್ಪ ನಗಲಿಲ್ಲ. ಮಾರಿದ ಅಂಗಡಿ ರದ್ದತಿಯಿಂದ ವಾಪಸು ಬರುವುದಿಲ್ಲವೆಂದು ಅವನು ಮೆತ್ತಗೆ ಹೇಳಿದ. ಗೊತ್ತು ಎಂದರು.

ಹೊರಗೆ ಬಂದು ಆಟೋ ಕಾಯುತ್ತ ನಿಂತಾಗ ಮಗಳು ಹೇಳಿದಳು. “ಮೊದಲಿನ ಹಾಗೆ ನನ್ನ ಹೆಸರಿಗೆ ಬರೆದುಬಿಡಿ ಅಪ್ಪ. ಬ್ಯಾಂಕಿಗೆ ಓಡಾಡೋಕೆ ಬೇಕಾಗುತ್ತೆ.”

“ಬೇಡಮ್ಮ. ಇನ್ನು ಯಾರ ಹೆಸರಿಗೂ ಬೇಡ.”

“ನಾನೇನು ಮಾಡಿದೆ?”

“ನೀನೇನೂ ಮಾಡಿಲ್ಲ.”

“ಮತ್ತೆ?”

ಅವರು ರಸ್ತೆಯ ಕಡೆ ನೋಡುತ್ತಿದ್ದರು. ಅವಳು ನನ್ನ ಮುಖ ನೋಡಿದಳು, ನಾನು ಅವಳಿಗೆ ಐದನೇ ತರಗತಿಯಲ್ಲಿ ಲೆಕ್ಕ ಹೇಳಿಕೊಟ್ಟವನು. ನಾನು ದೂರದಲ್ಲಿ ಬರುತ್ತಿದ್ದ ಆಟೋಗೆ ಕೈ ತೋರಿಸಿದೆ.

ಆ ಮೇಲೂ ಅವಳು ದಿನವೂ ಬಂದಳು. ಊಟದ ಡಬ್ಬಿ ಇಟ್ಟು, ಮಾತ್ರೆ ಎಣಿಸಿ, ಹೋಗುತ್ತಿದ್ದಳು. ಮಾತು ಕಡಿಮೆಯಾಯಿತು. ಅಂಟಪ್ಪ ಊಟದ ಮೇಜಿನ ಮೇಲೆ ಹಾಳೆ ಹರಡಿ, ಯಂತ್ರದ ಬದಲು ಎರಡು ಇಟ್ಟಿಗೆ ಹೇರಿ, ಸಣ್ಣಪುಟ್ಟ ಕೆಲಸ ಮಾಡತೊಡಗಿದರು. ಆದರೆ ಈಗ ಬಂದದ್ದನ್ನೆಲ್ಲ ಓದುತ್ತಿದ್ದರು. ಒಂದು ವಾರದ ಕೆಲಸಕ್ಕೆ ತಿಂಗಳು ಹಿಡಿಯುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರೇ ಬಿಟ್ಟುಹೋದರು. ವಕೀಲರೊಬ್ಬರಂತೂ, ಓದಿದ್ದಾರೆಂದು ತಿಳಿದು, ಅರ್ಧ ಹೊಲಿದ ಕಟ್ಟನ್ನೇ ಎತ್ತಿಕೊಂಡು ಹೋದರು.

ಬಲಗಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದಾಗ ನಾನು ಅಲ್ಲಿಯೇ ಇದ್ದೆ. ದೊಡ್ಡ ಮಗಳು ಆಸ್ಪತ್ರೆಯ ಒಪ್ಪಿಗೆ ಪತ್ರ ತಂದು ಮೇಜಿನ ಮೇಲಿಟ್ಟು, ಸಹಿಯ ಜಾಗದ ಮೇಲೆ ಬೆರಳಿಟ್ಟು, “ಇಲ್ಲಿ ಅಪ್ಪ,” ಎಂದಳು. ಕೆಲಸಕ್ಕೆ ಹೋಗುವ ಅವಸರ, ಹೆಗಲಿನ ಚೀಲವನ್ನೂ ಇಳಿಸಿರಲಿಲ್ಲ.

ಅಂಟಪ್ಪ ಕನ್ನಡಕ ಹುಡುಕಿ ಹಾಕಿಕೊಂಡರು. ಅವಳ ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಮೇಲಿನ ಸಾಲಿನಿಂದ, ಒಂದೊಂದು ಅಕ್ಷರದ ಕೆಳಗೂ ಉಗುರು ಎಳೆಯುತ್ತ ಓದಲು ಶುರು ಮಾಡಿದರು.

“ಅಪ್ಪ,” ಎಂದಳು ಅವಳು. “ಇದು ನಾನು ತಂದಿದ್ದು.”

“ಗೊತ್ತಮ್ಮ,” ಎಂದು ಅವರು ಪುಟ ತಿರುಗಿಸಿದರು.