ಇಬ್ಬರಿಗೂ ವಿಮಾನ ಬೇಡ ಎಂದ ಮೇಲೆ

ಮಗಳ ಬಾಣಂತನದ ಅಂಟಿನ ಉಂಡಿಗೆಂದು ಒಣಕೊಬ್ಬರಿ ತುರಿಯುತ್ತಿದ್ದೆ. ಎದೆಯ ಬಲಗಡೆ ದಬ್ಬಣ ಚುಚ್ಚಿದಂತಾಯಿತು. ಉಸಿರು ಅರ್ಧಕ್ಕೇ ನಿಂತಿತು. ವಾಯು ಇರಬೇಕೆಂದು ಅಜವಾನ ಅಗಿದೆ. ಸಂಜೆಯ ಹೊತ್ತಿಗೆ ಮಾತಾಡಲೂ ಆಗಲಿಲ್ಲ.

ಲಂಗ್ ಕುಸಿದಿದೆ, ಅದರ ಸುತ್ತ ಗಾಳಿ ತುಂಬಿದೆ ಎಂದು ಎಕ್ಸ್‌ರೇ ನೋಡಿದ ಡಾಕ್ಟರು ನಮ್ಮ ಯಜಮಾನರಿಗೆ ಹೇಳಿದರು.

ಪಕ್ಕೆಗೆ ತೂತು ಮಾಡಿ ಟ್ಯೂಬ್ ಹಾಕಿದರು.

ನೋವಿನ ಕತೆ ಉದ್ದ ಮಾಡುವುದಿಲ್ಲ. ನನ್ನ ಚಿಂತೆ ಬೇರೆಯೇ ಇತ್ತು. ಬಸುರಿ ಮಗಳು ಗೌರಿ ಹೈದರಾಬಾದಿನಲ್ಲಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನಮ್ಮಲ್ಲಿ ಅದರ ಬಗ್ಗೆ ಚರ್ಚೆಯಿಲ್ಲ. ಬೀಗರು ನಮ್ಮ ಕಡೆಯವರೇ, ಅಲ್ಲಿ ಅಂಗಡಿ ಇಟ್ಟವರು. ಮಗಳನ್ನು ಅಷ್ಟು ದೂರ ಕೊಟ್ಟಿದ್ದೇ ವಿಮಾನದ ಧೈರ್ಯದ ಮೇಲೆ. ಊಟ ಮುಗಿಸಿ ಹತ್ತಿದರೆ ಚಹಾದ ಹೊತ್ತಿಗೆ ನಮ್ಮಲ್ಲಿರುತ್ತೀರಿ ಎಂದು ಬೀಗರು ಹೇಳಿದ್ದರು. ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಮನೆಯಿಂದ ವಿಮಾನ ನಿಲ್ದಾಣಕ್ಕೆ ಆಟೋ ಸಾಕು. ಹೈದರಾಬಾದೆಂದರೆ ನನಗೆ ಧಾರವಾಡದಾಚೆಯ ಊರು, ಅಷ್ಟೇ.

ಟ್ಯೂಬ್ ತೆಗೆದ ದಿನ ಡಾಕ್ಟರು, ತಾವು ಹೇಳುವವರೆಗೆ ವಿಮಾನ ಹತ್ತಬಾರದು ಎಂದರು. ಎದೆಯಲ್ಲಿ ಗಾಳಿ ಉಳಿದಿದ್ದರೆ ಮೇಲೇರಿದಂತೆ ಅದು ಹಿಗ್ಗುತ್ತದಂತೆ. ಅದೇ ವಾರ ಗೌರಿಗೆ ಬಿಪಿ ಏರಿತು. ಅಲ್ಲಿಯ ಡಾಕ್ಟರು ಅವಳಿಗೂ ಪ್ರಯಾಣ ಬೇಡ ಎಂದರು.

ಗಂಟೆ ಚಿಲ್ಲರೆಯ ಊರು ಒಮ್ಮೆಲೇ ಪರದೇಶವಾಯಿತು.

ಬೀಗತಿ ಫೋನ್ ಮಾಡಿದರು. "ನೀವು ಆರಾಮ ತಗೋರಿ. ಬಾಣಂತನ ನಾವ ಮಾಡ್ತೇವಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ನಾನಿನ್ನೂ ಬದುಕಿದ್ದೆ, ತವರು ಮುಚ್ಚಿರಲಿಲ್ಲ.

ಮುಂದಿನ ಎಕ್ಸ್‌ರೇ ಚೆನ್ನಾಗಿ ಬಂದಾಗ ಡಾಕ್ಟರಿಗೆ ಕೇಳಿದೆ. "ರೈಲು ನೆಲದ ಮ್ಯಾಲ ಹೋಗತೈತಲ್ರೀ?"

ಅವರು ನಕ್ಕರು. ಆಮೇಲೆ, ಜೊತೆಗೊಬ್ಬರು ಇರಲಿ, ಉಸಿರು ಹಿಡಿದರೆ ಸಮೀಪದ ಆಸ್ಪತ್ರೆಗೆ ಹೋಗಿ ಎಂದು ಒಪ್ಪಿದರು. ಯಜಮಾನರು ಒಪ್ಪಲಿಲ್ಲ. "ಹಟ ಬಿಡು. ದಾರ್ಯಾಗ ಏನರ ಆದ್ರ ನಾ ಏನ ಮಾಡ್ಲಿ?" ಎಂದರು. ಅವರ ಕಣ್ಣು ತುಂಬಿತ್ತು. ನನಗೂ ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ. ಆದರೂ ಇಬ್ಬರಿಗೂ ಟಿಕೆಟ್ ತೆಗೆಸಿದೆ. ದಾರಿಯುದ್ದಕ್ಕೂ ಪಕ್ಕೆಯ ಗಾಯ ನೋಯುತ್ತಿತ್ತು. ಯಜಮಾನರು ನಿದ್ದೆ ಮಾಡದೆ ನನ್ನ ಎದೆ ಏರಿಳಿಯುವುದನ್ನೇ ನೋಡುತ್ತ ಕೂತರು.

ಗೌರಿ ಬಾಗಿಲು ತೆರೆದು ಗಾಬರಿಯಾದಳು. "ಅವ್ವಾ, ಇಂಥಾದ್ರಾಗ ಯಾಕ ಬಂದಿ?"

"ನೀ ತವರಿಗೆ ಬರಲಿಲ್ಲ. ತವರ ನಿನ್ನ ಕಡೆ ಬಂತು."

ಬೀಗತಿ ಅಡುಗೆಮನೆಯಲ್ಲಿ ನನಗೆ ಜಾಗ ಮಾಡಿಕೊಟ್ಟರು.

ಹೆರಿಗೆ ಸುಸೂತ್ರವಾಯಿತು. ಗೌರಿಯ ಬಿಪಿ ಇಳಿದಿದೆ. ನನ್ನ ಲಂಗ್ ಈಗ ಪೂರ್ತಿ ಹಿಗ್ಗಿದೆ. ಮತ್ತೆ ಕುಸಿಯುವುದಿಲ್ಲ ಎಂದು ಮಾತ್ರ ಯಾರೂ ಬರೆದುಕೊಟ್ಟಿಲ್ಲ. ಇಲ್ಲಿ ತೆಗೆಸಿದ ಎಕ್ಸ್‌ರೇ ನೋಡಿ ಹುಬ್ಬಳ್ಳಿಯ ಡಾಕ್ಟರು ಮೊನ್ನೆ ಫೋನ್ ಮಾಡಿದ್ದರು. ವಿಮಾನದಲ್ಲಿ ಬರಬಹುದು, ಆದರೆ ಇನ್ನೂ ಕೆಲವು ದಿನ ಭಾರ ಎತ್ತಬೇಡಿ ಎಂದರು. ನಾನಾಗ ಕಾಲು ಚಾಚಿ ಮೊಮ್ಮಗಳಿಗೆ ಎಣ್ಣೆ ಹಚ್ಚುತ್ತಿದ್ದೆ. ಹೂಂ ಎಂದೆ. ಅವಳ ತೂಕ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.